ಬಾಲಿಯಲ್ಲಿ ಮದುವೆಯೇ? ಸೀರೆ ಆರಿಸುವ ಮೊದಲು ಪಾಸ್‌ಪೋರ್ಟ್ ತೆರೆದು ನೋಡಿ

ಮದುವೆ ಮನೆಯವರು ರೂಮು, ಊಟ, ಓಡಾಟದ ಬಸ್ಸು ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಆದರೆ ಬಾಲಿಯ ಡೆನ್‌ಪಸಾರ್ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್ ಮುಂದೆ ‘ನಾವು ಗಂಡಿನ ಕಡೆಯವರು’ ಎಂಬ ಮಾತು ನಡೆಯುವುದಿಲ್ಲ. ಅಲ್ಲಿ ಪ್ರತಿಯೊಬ್ಬರೂ ಅವರವರ ಪಾಸ್‌ಪೋರ್ಟಿಗೆ, ಅವರವರ ವೀಸಾಕ್ಕೆ, ಅವರವರ ಚೀಲಕ್ಕೆ ಹೊಣೆ. ಗುಂಪಿನಲ್ಲಿ ಒಬ್ಬರನ್ನು ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ತಡೆದರೂ ಉಳಿದವರ ವಿಮಾನ ಹೊರಟೇ ಹೊರಡುತ್ತದೆ. ಹಾಗಾಗಿ ಈ ಬರಹ ಮದುವೆ ಮಾಡುವವರಿಗಲ್ಲ, ಮದುವೆಗೆ ಹೋಗುವವರಿಗೆ.

ಕರೆ ಬಂದ ದಿನವೇ ಪಾಸ್‌ಪೋರ್ಟ್ ತೆಗೆದು ನೋಡಿ. ಬಾಲಿ ತಲುಪುವ ದಿನದಿಂದ ಇನ್ನೂ ಕನಿಷ್ಠ ಆರು ತಿಂಗಳ ಅವಧಿ ಅದರಲ್ಲಿ ಉಳಿದಿರಬೇಕು. ಪುಟ ಹರಿದಿದ್ದರೆ, ನೀರು ಬಿದ್ದು ಉಬ್ಬಿದ್ದರೆ, ಹೊಲಿಗೆ ಬಿಟ್ಟಿದ್ದರೆ ಅವಧಿ ಎಷ್ಟಿದ್ದರೂ ಹೊಸದು ಮಾಡಿಸಿ. ಹಾಳಾದ ಪಾಸ್‌ಪೋರ್ಟಿನ ವಿಷಯದಲ್ಲಿ ಇಂಡೊನೇಷ್ಯಾದವರು ಬಹಳ ಕಟ್ಟುನಿಟ್ಟು. ಅದು ಗೊತ್ತಿರುವ ಏರ್‌ಲೈನ್ ಸಿಬ್ಬಂದಿ ಇಲ್ಲೇ ತಡೆಯುತ್ತಾರೆ.

ನಮ್ಮ ಕಡೆಯವರಿಗೆ ಹೆಚ್ಚು ತೊಡಕಾಗುವುದು ಹೆಸರು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಬೇರೆ ಕ್ರಮದಲ್ಲಿ ಬಂದಿರುತ್ತವೆ. ಅನೇಕ ಹಿರಿಯರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಟಿಕೆಟ್ ಬುಕ್ ಮಾಡುವಾಗ ಆ ಜಾಗ ಖಾಲಿ ಬಿಡಲಾಗುವುದಿಲ್ಲ ಎಂದು ಯಾರೋ ಗಂಡನ ಹೆಸರನ್ನೋ ಮನೆತನದ ಹೆಸರನ್ನೋ ತುಂಬಿಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಕೆಲವು ಏರ್‌ಲೈನ್‌ಗಳು ಇದ್ದ ಹೆಸರನ್ನೇ ಎರಡೂ ಕಡೆ ಬರೆಯಿರಿ ಎನ್ನುತ್ತವೆ, ಕೆಲವು ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಹಾಕಿಸುತ್ತವೆ. ನೀವು ಹತ್ತುವ ಏರ್‌ಲೈನನ್ನೇ ಕೇಳಿ, ಅವರು ಹೇಳಿದಂತೆ ಬರೆಸಿ. ಮದುವೆ ಮನೆಯವರು ವಾಟ್ಸ್ಆ್ಯಪ್‌ನಲ್ಲಿ ಹೆಸರು ಕೇಳಿದರೆ ಟೈಪ್ ಮಾಡಿ ಕಳಿಸಬೇಡಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದಿರಬಹುದು, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು. ಇಂಡೊನೇಷ್ಯಾ ಆ ದೇಶಗಳ ಪಟ್ಟಿಯಲ್ಲಿರುವುದರಿಂದ ಬೆಂಗಳೂರಿನ ಇಮಿಗ್ರೇಷನ್‌ನವರು ನಾಲ್ಕು ಮಾತು ಹೆಚ್ಚಿಗೆ ಕೇಳುತ್ತಾರೆ. ಆ ನಿಯಮ ಇರುವುದು ಕೆಲಸಕ್ಕೆ ಹೋಗುವವರಿಗೆ, ಮದುವೆಗೆ ಹೋಗುವವರಿಗಲ್ಲ. ಗಾಬರಿ ಬೇಡ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಲಗ್ನಪತ್ರಿಕೆ ಮೂರನ್ನೂ ಪ್ರಿಂಟ್ ಹಾಕಿಸಿ ಅವರವರ ಕೈಯಲ್ಲೇ ಕೊಡಿ. ಮಗನ ಫೋನಿನಲ್ಲಿದ್ದರೆ ಸಾಲದು, ಅವನು ಬೇರೆ ಸಾಲಿನಲ್ಲಿ ನಿಂತಿರುತ್ತಾನೆ. ಅಪ್ಪ ಅಮ್ಮ ಇಲ್ಲದೆ ನೆಂಟರ ಜೊತೆ ಹೊರಟ ಮಕ್ಕಳಿದ್ದರೆ ಹೆತ್ತವರ ಒಪ್ಪಿಗೆ ಪತ್ರವೂ ಇರಲಿ.

ವೀಸಾ ಕಷ್ಟದ್ದಲ್ಲ. ಇಂಡೊನೇಷ್ಯಾ ಇಮಿಗ್ರೇಷನ್ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ‘ಇ-ವಿಒಎ’ (ಇಳಿದ ಮೇಲೆ ಕೊಡುವ ವೀಸಾದ ಆನ್‌ಲೈನ್ ರೂಪ) ಪಡೆಯಬಹುದು. ಶುಲ್ಕ 5 ಲಕ್ಷ ರುಪಯಾ (ಇಂಡೊನೇಷ್ಯಾದ ಹಣ), ಅವಧಿ 30 ದಿನ, ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಯಾ ದಂಡ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಖಾಸಗಿ ಜಾಲತಾಣಗಳು ಹೆಚ್ಚು ಹಣ ಕೀಳುತ್ತವೆ. ವಿಳಾಸದ ಕೊನೆಯಲ್ಲಿ ‘ಗೋ ಡಾಟ್ ಐಡಿ’ ಇದೆಯೇ ನೋಡಿಕೊಳ್ಳಿ. ಪಾಸ್‌ಪೋರ್ಟ್ ಸಂಖ್ಯೆಯ ಒಂದಂಕಿ ತಪ್ಪಿದರೂ ಆ ವೀಸಾ ಕೆಲಸಕ್ಕೆ ಬಾರದು, ದುಡ್ಡೂ ಹಿಂದಿರುಗದು. ಇದಲ್ಲದೆ ‘ಆಲ್ ಇಂಡೊನೇಷ್ಯಾ’ ಎಂಬ ಘೋಷಣಾ ಪತ್ರವನ್ನು ಇಳಿಯುವ ಮೊದಲಿನ ಮೂರು ದಿನಗಳೊಳಗೆ ತುಂಬಬೇಕು, ಅದು ಉಚಿತ. 2024ರ ಫೆಬ್ರವರಿ 14ರಿಂದ ಬಾಲಿ ಪ್ರಾಂತ್ಯದ ಪ್ರವಾಸಿ ಶುಲ್ಕ 1.5 ಲಕ್ಷ ರುಪಯಾ ಬೇರೆ ಇದೆ. ಸೊನ್ನೆ ನೋಡಿ ಹೆದರಬೇಡಿ, ಒಂದು ಲಕ್ಷ ರುಪಯಾ ಎಂದರೆ ನಮ್ಮ ಐನೂರು ಆರುನೂರು ರೂಪಾಯಿ.

ನೇರ ವಿಮಾನದಲ್ಲಿ ಸೀಟು ಸಿಗದೆ ಸಿಂಗಪುರದ ಮೇಲೆ ಹೋಗುವುದಾದರೆ ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿರಲಿ. ಅಗ್ಗವೆಂದು ಎರಡು ಬೇರೆ ಟಿಕೆಟ್ ಕೊಂಡರೆ ಸಿಂಗಪುರದಲ್ಲಿ ಚೀಲ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅದಕ್ಕೆ ಆ ದೇಶದೊಳಗೆ ಕಾಲಿಡಬೇಕು, ಕಾಲಿಡಲು ವೀಸಾ ಬೇಕು.

ಇನ್ನು ಒಡವೆ. ಇಲ್ಲಿಂದ ಹಾಕಿಕೊಂಡು ಹೋದ ಚಿನ್ನವನ್ನು ವಾಪಸ್ ತರುವಾಗ ‘ಇದು ನನ್ನದೇ, ಇಲ್ಲಿಂದಲೇ ಹೋದದ್ದು’ ಎಂದು ತೋರಿಸುವ ಹೊಣೆ ನಿಮ್ಮದು. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಬಿಟ್ಟುಬಿಡುತ್ತಾರೆ ಎಂದು ಎಲ್ಲರೂ ನಂಬಿದ್ದಾರೆ. ಆ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ಇದ್ದು ಬರುವವರಿಗೆ. ನಾಲ್ಕು ದಿನದ ಮದುವೆಗೆ ಹೋದವರಿಗೆ ಅದು ಅನ್ವಯಿಸದು. ನಿಮಗೆ ಬೇಕಾದದ್ದು ಹೊರಡುವಾಗ ಕಸ್ಟಮ್ಸ್‌ನವರಿಂದ ಪಡೆಯುವ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಪ್ರತಿ ಒಡವೆಯ ಫೋಟೊ, ಅಂಗಡಿ ಬಿಲ್ಲು, ಹಳೆಯ ಒಡವೆಗೆ ಬಿಲ್ಲಿಲ್ಲದಿದ್ದರೆ ಸರ್ಕಾರಿ ಮಾನ್ಯತೆಯ ಮೌಲ್ಯಮಾಪಕರ ವರದಿ, ಪಾಸ್‌ಪೋರ್ಟ್, ಟಿಕೆಟ್ ಜೊತೆಗಿರಲಿ. ಒಡವೆ ಕೈಚೀಲದಲ್ಲಿರಬೇಕು, ಅಧಿಕಾರಿ ಕಣ್ಣಾರೆ ನೋಡಬೇಕಲ್ಲ. ಇದಕ್ಕೆಂದೇ ಒಂದು ಗಂಟೆ ಮುಂಚೆ ಹೋಗಿ.

ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆಯೋ ಅವರೇ ಆ ಒಡವೆಯನ್ನು ವಾಪಸ್ ತರಬೇಕು. ಅತ್ತಿಗೆಯ ಪದಕದ ಸರವನ್ನು ನಾದಿನಿ ಹಾಕಿಕೊಂಡು ಬಂದರೆ ಕಾಗದ ಒಬ್ಬರ ಹೆಸರಲ್ಲಿ, ಚಿನ್ನ ಇನ್ನೊಬ್ಬರ ಕೊರಳಲ್ಲಿ ಆಗುತ್ತದೆ. ಇದೇ ಕಾರಣಕ್ಕೆ ಮದುಮಗಳಿಗೆ ಕೊಡುವ ಚಿನ್ನದ ಉಡುಗೊರೆಯನ್ನು ಬಾಲಿಗೆ ಒಯ್ಯಲೇಬೇಡಿ.

ಚೀಲ ತುಂಬುವಾಗ ಪೂಜೆಯ ಸಾಮಾನೇ ಸಿಕ್ಕಿಹಾಕಿಸುತ್ತದೆ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಗುಣವಿರುವ ಕೊಬ್ಬರಿಯನ್ನು ವಿಮಾನಯಾನದಲ್ಲಿ ಅಪಾಯಕಾರಿ ಸರಕೆಂದೇ ಗುರುತಿಸಿದ್ದಾರೆ, ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1363 ಎಂಬ ಸಂಖ್ಯೆಯೂ ಅದಕ್ಕಿದೆ. ಕರ್ಪೂರವೂ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಾವಿನ ಎಲೆ, ಹೂವು, ಹಣ್ಣು, ಬೀಜಗಳಿಗೆ ಇಂಡೊನೇಷ್ಯಾದ ಕ್ವಾರಂಟೈನ್ ನಿಯಮ ಅಡ್ಡ ಬರುತ್ತದೆ. ಅವನ್ನು ಹೊತ್ತುಕೊಂಡು ಹೋಗುವ ಅಗತ್ಯವೂ ಇಲ್ಲ. ಬಾಲಿ ಹಿಂದೂಗಳ ನಾಡು. ವೀಳ್ಯದೆಲೆ, ಚೆಂಡುಹೂವು, ತೆಂಗಿನಕಾಯಿ, ಬಾಳೆಎಲೆ, ಅಕ್ಷತೆಗೆ ಅಕ್ಕಿ ಎಲ್ಲವೂ ಅಲ್ಲಿನ ಮಾರುಕಟ್ಟೆಯಲ್ಲಿ ಸಿಗುತ್ತವೆ. ಗಸಗಸೆ ಮಾತ್ರ ಯಾವ ಕಾರಣಕ್ಕೂ ಬೇಡ. ಸಿಂಗಪುರದಲ್ಲಿ ಅದು ನಿಷೇಧಿತ ವಸ್ತು, ಪಾಯಸಕ್ಕೆಂದು ಹೇಳಿದರೆ ಯಾರೂ ಕೇಳರು. ನಿದ್ದೆಯ, ಆತಂಕದ, ತೀವ್ರ ನೋವಿನ ಮಾತ್ರೆ ತೆಗೆದುಕೊಳ್ಳುವವರು ಮೂಲ ಪೊಟ್ಟಣ, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿ ಎರಡನ್ನೂ ಇಟ್ಟುಕೊಳ್ಳಿ. ಇಂಡೊನೇಷ್ಯಾದ ಮಾದಕವಸ್ತು ಕಾನೂನು ಅತಿ ಕಠಿಣ.

ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮುಹೂರ್ತದ ಲಗ್ನವನ್ನು ಆಯಾ ಸ್ಥಳಕ್ಕೆ ಲೆಕ್ಕ ಹಾಕುವುದರಿಂದ ಪತ್ರಿಕೆಯಲ್ಲಿ ಬಾಲಿ ಸಮಯವೇ ಇರಬೇಕು, ಆದರೂ ಕೇಳಿ ಖಚಿತ ಮಾಡಿಕೊಳ್ಳಿ. ಅಲ್ಲಿನ 10.15 ಎಂದರೆ ಊರಿನಲ್ಲಿ ಕೂತು ಲೈವ್ ನೋಡುವವರಿಗೆ 7.45. ಮುಹೂರ್ತಕ್ಕೆ ಎರಡು ದಿನ ಮೊದಲೇ ತಲುಪುವಂತೆ ಟಿಕೆಟ್ ಮಾಡಿಸಿ. ಫ್ಲೋರೆಸ್ ದ್ವೀಪದ ಲೆವೊಟೊಬಿ ಜ್ವಾಲಾಮುಖಿ 2024ರ ನವೆಂಬರಿನಲ್ಲಿ ಬೂದಿ ಉಗುಳಿದಾಗ ಬಾಲಿಯ ಅನೇಕ ವಿಮಾನಗಳು ರದ್ದಾದವು. ಪ್ರಯಾಣ ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಿ, ಜ್ವಾಲಾಮುಖಿ ಸುದ್ದಿಯಾದ ಮೇಲೆ ಕೊಂಡ ವಿಮೆ ಆ ನಷ್ಟವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮಾರ್ಚ್‌ನಲ್ಲಿ ಹೋಗುವವರು ‘ನ್ಯೆಪಿ’ ಯಾವತ್ತು ಎಂದು ನೋಡಿಕೊಳ್ಳಿ. ಬಾಲಿಯ ಶಕ ವರ್ಷ ಆರಂಭದ ಮೌನದ ದಿನ ಅದು. 2026ರಲ್ಲಿ ಅದರ ದಿನಾಂಕ ಮಾರ್ಚ್ 19, ನಮ್ಮ ಯುಗಾದಿಯ ದಿನವೇ. ನ್ಯೆಪಿಯಂದು ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ, ಹೋಟೆಲಿನಿಂದ ಯಾರೂ ಹೊರಗೆ ಬರುವಂತಿಲ್ಲ.

ಸಸ್ಯಾಹಾರಿಗಳು ಮದುವೆ ಊಟದ ಬಗ್ಗೆ ಚಿಂತಿಸಬೇಕಿಲ್ಲ, ಹೊರಗೆ ತಿನ್ನುವಾಗ ಎಚ್ಚರ ಬೇಕು. ಅಲ್ಲಿನ ಸಂಬಲ್ ಚಟ್ನಿಗೆ ‘ತೆರಾಸಿ’ ಎಂಬ ಸೀಗಡಿ ಪೇಸ್ಟ್ ಹಾಕುವುದು ರೂಢಿ, ಗರಿಗರಿ ಕ್ರುಪುಕ್‌ನಲ್ಲೂ ಸೀಗಡಿ ಇರಬಹುದು. ತರಕಾರಿ ಮಾತ್ರ ಹಾಕಿ ಎಂದರೆ ಸಾಲದು, ತೆರಾಸಿ ಬೇಡ ಎಂದೂ ಹೇಳಿ. ನಲ್ಲಿ ನೀರು ಕುಡಿಯಬೇಡಿ.

ಉಲುವಾಟು ದೇವಸ್ಥಾನದ ಕೋತಿಗಳು ಕನ್ನಡಕ, ಫೋನು, ಸರ ಕಿತ್ತುಕೊಳ್ಳುತ್ತವೆ. ಒಡವೆ ಹಾಕಿಕೊಂಡು ಹೋಗಬೇಡಿ. ಕೋತಿಯೋ ನಾಯಿಯೋ ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಬಾಲಿಯಲ್ಲಿ ರೇಬಿಸ್ ಇದೆ, ಊರಿಗೆ ಹೋಗಿ ತೋರಿಸಿದರಾಯಿತು ಎಂದು ಮುಂದೂಡುವ ವಿಷಯವಲ್ಲ.

ಕೊನೆಗೆ ಮುಯ್ಯಿ. ಭಾರತದಿಂದ ಹೊರಹೋಗುವಾಗ ತಲಾ 25,000 ರೂಪಾಯಿಗಿಂತ ಹೆಚ್ಚು ನಮ್ಮ ನೋಟು ಒಯ್ಯುವಂತಿಲ್ಲ. ಲಕೋಟೆಗಳನ್ನು ಸಂಗ್ರಹಿಸಿ ಒಬ್ಬರೇ ತರುವ ಹೊಣೆ ಹೊತ್ತರೆ ಅವರು ಈ ಮಿತಿ ಸುಲಭವಾಗಿ ದಾಟುತ್ತಾರೆ. ಹುಡುಗ ಹುಡುಗಿ ಊರಿಗೆ ಬಂದ ಮೇಲೆ ನಡೆಯುವ ಆರತಕ್ಷತೆಯಲ್ಲಿ ಕೊಡಿ, ಇಲ್ಲವೇ ಹೊರಡುವ ಮೊದಲೇ ಅವರ ಖಾತೆಗೆ ಹಾಕಿ.