ಒಂದೇ ಮಾತು, ಎರಡು ಪರವಾನಗಿ

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಕಂಟ್ರೋಲ್ ಹೆಚ್, ಆಮೇಲೆ ಎಫ್ ಒತ್ತಿ ಒಂದು ಫಂಕ್ಷನ್ನಿನ ಹೆಸರು ಕೊಟ್ಟರೆ, ಅದೇನು ಮಾಡುತ್ತದೆಂಬ ವಿವರಣೆ ತೆರೆಯ ಮೇಲೆ ಮೂಡುತ್ತದೆ. ಅದು ಯಾವುದೋ ಪುಸ್ತಕದಿಂದ ಬಂದದ್ದಲ್ಲ; ಫಂಕ್ಷನ್ನಿನ ಕೋಡಿನೊಳಗೇ ಬರೆದಿಟ್ಟ ಮಾತು. ಅದನ್ನು ತಂತ್ರಾಂಶ ಎನ್ನಬೇಕೋ, ಕೈಪಿಡಿ ಎನ್ನಬೇಕೋ?

ಪರವಾನಗಿಯ ವಿಷಯ ಬಂದಾಗ ಈ ಪ್ರಶ್ನೆಗೆ ತೂಕ ಬರುತ್ತದೆ. ಈಮ್ಯಾಕ್ಸ್‌ನ ಕೋಡ್ ಇರುವುದು ತಂತ್ರಾಂಶಕ್ಕೆಂದು ಬರೆದ ಜಿಪಿಎಲ್ ಪರವಾನಗಿಯ ಅಡಿಯಲ್ಲಿ, ಕೈಪಿಡಿ ಇರುವುದು ಕೈಪಿಡಿಗಳಂಥ ಬರಹಗಳಿಗೆಂದು ಬರೆದ ಜಿಎಫ್‌ಡಿಎಲ್ ಅಡಿಯಲ್ಲಿ. ಎರಡನ್ನೂ ರೂಪಿಸಿದ್ದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್. ಆದರೂ ಅವು ಒಂದಕ್ಕೊಂದು ಹೊಂದುವುದಿಲ್ಲ. ಕೋಡಿನಲ್ಲಿರುವ ವಿವರಣೆಗಳನ್ನು ಕೈಪಿಡಿಗೆ, ಕೈಪಿಡಿಯ ಪುಟಗಳನ್ನು ಕೋಡಿಗೆ ಧಾರಾಳವಾಗಿ ಸಾಗಿಸಲು ಹಕ್ಕುಸ್ವಾಮ್ಯ ಇದ್ದವರಿಗಷ್ಟೇ ಅಡ್ಡಿಯಿಲ್ಲ. ಕೈಪಿಡಿಯಲ್ಲಿ ದೊಡ್ಡ ಕೋಡ್ ಉದಾಹರಣೆಗಳಿದ್ದರೆ ಅವನ್ನು ಜಿಪಿಎಲ್‌ನಂಥ ಪರವಾನಗಿಯಲ್ಲೂ ಕೊಡಿ ಎಂದು ಜಿಎಫ್‌ಡಿಎಲ್ ತಾನೇ ಸಲಹೆ ಮಾಡುತ್ತದೆ. ಕೋಡಿಗೂ ಕೈಪಿಡಿಗೂ ನಡುವಿನ ಗೆರೆ ನಿಲ್ಲುವುದಿಲ್ಲ ಎಂಬುದು ಅದನ್ನು ಎಳೆದವರಿಗೂ ಗೊತ್ತಿತ್ತು.

ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಅಕ್ಷರಜೋಡಣೆ ತಂತ್ರಾಂಶ ಟೆಕ್‌ನಲ್ಲಂತೂ ಗೆರೆಯನ್ನು ಹುಡುಕುವುದೇ ವ್ಯರ್ಥ. ಅದರ ಮೂಲ ಒಂದೇ ಕಡತ. ಟ್ಯಾಂಗಲ್ ಎಂಬ ಸಾಧನಕ್ಕೆ ಕೊಟ್ಟರೆ ಅದರಿಂದ ಪ್ಯಾಸ್ಕಲ್ ಪ್ರೋಗ್ರಾಂ ಹೊರಬರುತ್ತದೆ; ವೀವ್‌ಗೆ ಕೊಟ್ಟರೆ ಅಚ್ಚು ಹಾಕಿ ಓದಬಹುದಾದ ಗ್ರಂಥ.

2000ರಲ್ಲಿ ಬಂದ ಜಿಎಫ್‌ಡಿಎಲ್‌ನಲ್ಲಿ ನನ್ನನ್ನು ಹೆಚ್ಚು ಕಾಡುವುದು 'ಬದಲಿಸಬಾರದ ಭಾಗ'ಗಳ ಏರ್ಪಾಡು. ಲೇಖಕರು ಹಾಗೆಂದು ಗುರುತಿಸಿದ ಅಧ್ಯಾಯವನ್ನು ಯಾರೂ ತಿದ್ದುವಂತಿಲ್ಲ, ತೆಗೆಯುವಂತಿಲ್ಲ. ಈಮ್ಯಾಕ್ಸ್ ಕೈಪಿಡಿಯಲ್ಲಿ ಮುಕ್ತ ತಂತ್ರಾಂಶದ ಆಶಯಗಳನ್ನು ಸಾರುವ ಗ್ನು ಪ್ರಣಾಳಿಕೆ ಅಂಥದ್ದು. ಯಾರಾದರೂ ಆ ಕೈಪಿಡಿಯನ್ನು ಕನ್ನಡಕ್ಕೆ ತಂದರೆನ್ನಿ: ಪ್ರಣಾಳಿಕೆಯ ಅನುವಾದವನ್ನು ಸೇರಿಸಬಹುದು, ಆದರೆ ವಿಶೇಷ ಅನುಮತಿ ಇಲ್ಲದೆ ಇಂಗ್ಲಿಷ್ ಮೂಲವನ್ನು ಕೈಬಿಡುವಂತಿಲ್ಲ. ಪ್ರಣಾಳಿಕೆಯ ಆಶಯಗಳ ಮೇಲೆ ನನಗೆ ಗೌರವವಿದೆ. ಆದರೆ ಪ್ರೋಗ್ರಾಂ ಬದಲಿಸಿದವನಿಗೆ ಅದರ ಕೈಪಿಡಿಯನ್ನೂ ಪೂರ್ತಿಯಾಗಿ ಬದಲಿಸುವ ಸ್ವಾತಂತ್ರ್ಯ ಇರಬೇಕು.

ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುವ ಸಮುದಾಯ ಈ ಗಂಟನ್ನು ಮತಕ್ಕೆ ಹಾಕಿ ಬಿಡಿಸಿತು. 2004ರ ಮತದಾನದಲ್ಲಿ ಬಳಕೆದಾರರಿಗೆ ತಾನು ಕೊಟ್ಟ ಮಾತಾದ 'ಸಾಮಾಜಿಕ ಒಪ್ಪಂದ'ವನ್ನು ತಿದ್ದಿ, ತಂತ್ರಾಂಶವಷ್ಟೇ ಅಲ್ಲ, ಡೆಬಿಯನ್‌ನಲ್ಲಿರುವ ಎಲ್ಲವೂ ಮುಕ್ತವಾಗಿರಬೇಕು ಎಂದಿತು. 2006ರಲ್ಲಿ, ಬದಲಿಸಬಾರದ ಭಾಗಗಳಿಲ್ಲದ ಜಿಎಫ್‌ಡಿಎಲ್ ಕೃತಿಗಳು ಮುಕ್ತ, ಇರುವವು ಅಲ್ಲ ಎಂದು ತೀರ್ಮಾನಿಸಿತು. ಸರಿಯಾದ ತೀರ್ಮಾನ ಅದು, ಅಗ್ಗದ್ದೇನೂ ಅಲ್ಲ: ಈಮ್ಯಾಕ್ಸ್ ಕೈಪಿಡಿ 'ನಾನ್-ಫ್ರೀ' ವಿಭಾಗಕ್ಕೆ ಹೋಯಿತು. ಈಗ ಡೆಬಿಯನ್‌ನಲ್ಲಿ ಆ ಕೈಪಿಡಿ ಬೇಕಾದವರು ಅದನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಕೋಡಿನೊಳಗಿನ ವಿವರಣೆಗಳು ಮಾತ್ರ ಪ್ರೋಗ್ರಾಂ ಜೊತೆಗೇ ಬರುತ್ತವೆ.