ಸರ್ಪಗಂಧದಿಂದ ಅಶ್ವಗಂಧದವರೆಗೆ: ಖಿನ್ನತೆಗೆ ಚೀಟಿ ಇಲ್ಲದ ಔಷಧಗಳ ಕಥೆ

ಶಿರಸಿ, ಕುಮಟಾ, ಕಾರವಾರ, ಯಾವ ಊರಿನ ಮೆಡಿಕಲ್ ಶಾಪಿಗೆ ಹೋದರೂ ಅಶ್ವಗಂಧದ ಕ್ಯಾಪ್ಸೂಲ್, ಬ್ರಾಹ್ಮಿ ಸಿರಪ್, ಮೀನೆಣ್ಣೆ ಮಾತ್ರೆ ಕಣ್ಣಿಗೆ ಬೀಳುತ್ತವೆ. ಡಾಕ್ಟರ ಚೀಟಿ ಬೇಕಿಲ್ಲ. ಅಂಗಡಿಯಲ್ಲಿ ಇಲ್ಲದ್ದು ಕೊರಿಯರಿನಲ್ಲಿ ಬರುತ್ತದೆ. "ಯಾವುದರಲ್ಲೂ ಉಮೇದಿಲ್ಲ, ರಾತ್ರಿ ನಿದ್ದೆ ಇಲ್ಲ" ಎಂದರೆ ನೆಂಟರೊಬ್ಬರು ಒಂದು ಹೆಸರು ಹೇಳುತ್ತಾರೆ, ಯೂಟ್ಯೂಬ್ ಇನ್ನೊಂದು ಹೇಳುತ್ತದೆ. ಇಂಗ್ಲಿಷ್ ಮದ್ದೆಲ್ಲ ವಿಷ ಅನ್ನುವವರು ಒಂದು ಕಡೆ. ನಾರುಬೇರೆಲ್ಲ ಸುಳ್ಳು ಅನ್ನುವವರು ಇನ್ನೊಂದು ಕಡೆ. ಆದರೆ ಖಿನ್ನತೆಯ ಇಂಗ್ಲಿಷ್ ಮದ್ದಿನ ಚರಿತ್ರೆಯಲ್ಲಿ ನಮ್ಮ ಘಟ್ಟದ ಕಾಡಲ್ಲೂ ಬೆಳೆಯುವ ಬೇರೊಂದಕ್ಕೆ ದೊಡ್ಡ ಪಾತ್ರವಿದೆ.

ಅದು ಸರ್ಪಗಂಧ. ಹಾವು ಕಡಿತಕ್ಕೂ ತಲೆ ಕೆಟ್ಟವರಿಗೂ ನಾಟಿ ವೈದ್ಯರು ಇದರ ಬೇರು ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ಬಂಗಾಳದ ವೈದ್ಯರು ಈ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯೋಗಕ್ಕೆ ಬರುತ್ತದೆ ಎಂದು ಬರೆದರು. ಹೊರದೇಶದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1949ರಲ್ಲಿ ಮುಂಬೈಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಬಗ್ಗೆ ಬರೆದ ಮೇಲೆ ಗಮನ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಎರಡೇ ವರ್ಷದಲ್ಲಿ ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಇದರ ಬಳಕೆ ಶುರುವಾಯಿತು. ಬಿಪಿಗಂತೂ ಧಾರಾಳವಾಗಿ ಬರೆದುಕೊಟ್ಟರು.

ಆಮೇಲೆ ವಿಚಿತ್ರವೊಂದು ಕಂಡಿತು. ಬಿಪಿಗೆಂದು ರಿಸರ್ಪಿನ್ ತಗೊಂಡವರಲ್ಲಿ ಕೆಲವರು ಕೆಲವೇ ತಿಂಗಳಲ್ಲಿ ಮಂಕಾದರು, ಸಾಯುವ ಮಾತಾಡಿದರು ಎಂಬ ವರದಿಗಳು ಬಂದವು. 1955ರಲ್ಲಿ ಪ್ರಾಣಿಗಳಿಗೆ ಕೊಟ್ಟು ನೋಡಿದಾಗ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕ ಇಳಿದದ್ದು ಗೊತ್ತಾಯಿತು. ಅದೇ ಹೊತ್ತಿಗೆ ಕ್ಷಯಕ್ಕೆ ಕೊಡುತ್ತಿದ್ದ ಐಪ್ರೋನಿಯಾಜಿಡ್ ಎಂಬ ಮಾತ್ರೆ ರೋಗಿಗಳನ್ನು ಗೆಲುವಾಗಿಸಿತ್ತು. ಅದು ಮಿದುಳಿನ ಇಂಥ ರಾಸಾಯನಿಕಗಳನ್ನು ಉಳಿಸಿಕೊಳ್ಳುತ್ತಿತ್ತು. ಒಂದು ಔಷಧ ಇಳಿಸುತ್ತದೆ, ಮನಸ್ಸು ಕುಗ್ಗುತ್ತದೆ. ಇನ್ನೊಂದು ಏರಿಸುತ್ತದೆ, ಮನಸ್ಸು ಅರಳುತ್ತದೆ. ಹಾಗಾದರೆ ಖಿನ್ನತೆ ಅಂದರೆ ಈ ರಾಸಾಯನಿಕಗಳ ಕೊರತೆ! ಎಷ್ಟು ಸಲೀಸಾದ ಲೆಕ್ಕ, ಅಲ್ವಾ?

ಲೆಕ್ಕ ಅಷ್ಟು ಸಲೀಸಾಗಿರಲಿಲ್ಲ. 1955ರಲ್ಲೇ ಲಂಡನ್ನಿನ ಇಬ್ಬರು ವೈದ್ಯರು ಆತಂಕ, ಖಿನ್ನತೆ ಇದ್ದವರಿಗೆ ಇದೇ ರಿಸರ್ಪಿನ್ ಕೊಟ್ಟು, ಉಪಯೋಗವಾಯಿತು ಎಂದು ವರದಿ ಮಾಡಿದ್ದರು. ಆ ವರದಿಗೆ ಹೆಚ್ಚು ಗಮನ ಸಿಗಲಿಲ್ಲ. ಕೊರತೆಯ ಕಥೆ ಕೇಳುವುದಕ್ಕೆ ಚೆನ್ನಾಗಿತ್ತು, ಅದೇ ಉಳಿಯಿತು. ಇಂದಿಗೂ "ಸೆರೊಟೋನಿನ್ ಹೆಚ್ಚಿಸುತ್ತದೆ" ಎಂದು ಕ್ಯಾಪ್ಸೂಲ್ ಮಾರುವವರು ಆ ಕಥೆಯ ಬಡ್ಡಿಯಲ್ಲೇ ಬದುಕಿದ್ದಾರೆ. ಇತ್ತ ಕಾಡಲ್ಲಿ ಬೇರು ಕಿತ್ತೂ ಕಿತ್ತೂ ಗಿಡವೇ ಅಪರೂಪವಾಯಿತು. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಇದೆ.

ಮುಂದಿನ ಮೂವತ್ತು ವರ್ಷ ಮಾತ್ರೆಗಳದ್ದು. 1987ರ ಕೊನೆಯಲ್ಲಿ ಅಮೆರಿಕ ಫ್ಲುಯೊಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆಗೆ ಒಪ್ಪಿಗೆ ಕೊಟ್ಟಿತು.

ಅಷ್ಟರಲ್ಲಿ ಜರ್ಮನಿಯಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡವನ್ನು ವೈದ್ಯರೇ ಬರೆದುಕೊಡುತ್ತಿದ್ದರು. 1994ರಲ್ಲಿ ಅಮೆರಿಕ ಇಂಥವನ್ನೆಲ್ಲ ಆಹಾರ ಪೂರಕ ಎಂದು ಮಾರಲು ಕಾನೂನು ಮಾಡಿತು. ಕಾಯಿಲೆ ಗುಣಮಾಡುತ್ತದೆ ಎಂದು ಬರೆಯುವ ಹಾಗಿಲ್ಲ, ಗುಣ ಉಂಟು ಎಂದು ತೋರಿಸಬೇಕಾಗಿಯೂ ಇಲ್ಲ. 2002ರ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಈ ಗಿಡ ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲೆಂದು ತೋರಲಿಲ್ಲ. ಹೋಲಿಕೆಗೆ ಕೊಟ್ಟ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಕೂಡ ತೋರಲಿಲ್ಲ. ಎರಡೂ ಕಡೆಯವರು ಈ ವರದಿಯ ಅರ್ಧವನ್ನು ಮಾತ್ರ ಹೇಳುತ್ತಾರೆ. 2008ರಲ್ಲಿ 29 ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಗಿಡಕ್ಕೆ ಗುಣ ಉಂಟು ಎಂದೇ ಬಂತು. ಜರ್ಮನ್ ಮಾತಾಡುವ ದೇಶಗಳಲ್ಲಿ ಮಾತ್ರ ಆ ಗುಣ ಯಾಕೋ ಸ್ವಲ್ಪ ಜಾಸ್ತಿ!

ಗುಣ ಇದ್ದರೆ ಅಪಾಯವೂ ಇರುತ್ತದೆ. ಈ ಗಿಡ ಯಕೃತ್ತನ್ನು ಚುರುಕುಮಾಡಿ ಬೇರೆ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಎಚ್‌ಐವಿಯ ಕೆಲವು ಮದ್ದು ಕೆಲಸ ಕಳೆದುಕೊಳ್ಳುತ್ತವೆ. ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಸೆರೊಟೋನಿನ್ ಅತಿಯಾಗಿ ಜೀವಕ್ಕೇ ಕುತ್ತು ಬರಬಹುದು.

ನಮ್ಮಲ್ಲಿ ಅದರ ಜಾಗದಲ್ಲಿ ಅಶ್ವಗಂಧ ಕೂತಿದೆ. ಒತ್ತಡ, ನಿದ್ದೆಗೆ ಸ್ವಲ್ಪ ಉಪಯೋಗ ಎಂದು ಸಣ್ಣ ಸಣ್ಣ ಪರೀಕ್ಷೆಗಳು ಹೇಳುತ್ತವೆ. ಖಿನ್ನತೆಗೆ ಗಟ್ಟಿ ಆಧಾರ ಇಲ್ಲ. ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳಿವೆ. 2023ರಲ್ಲಿ ಡೆನ್ಮಾರ್ಕ್ ಇದನ್ನು ನಿಷೇಧಿಸಿತು. ಬ್ರಾಹ್ಮಿ ಹೆಸರಿನಲ್ಲಿ ಒಂದೆಲಗ, ನೀರುಬ್ರಾಹ್ಮಿ ಎರಡೂ ಮಾರಾಟವಾಗುತ್ತವೆ. ನೀರುಬ್ರಾಹ್ಮಿಯ ಬಗ್ಗೆ ನಡೆದ ಪರೀಕ್ಷೆಗಳು ಹೆಚ್ಚಾಗಿ ನೆನಪಿನ ಶಕ್ತಿಯದ್ದು. ಒಂದೆಲಗದ ತಂಬುಳಿ ಉಣ್ಣಲು ಇದ್ಯಾವುದೂ ಅಡ್ಡಿಯಲ್ಲ, ಬಿಡಿ. ಕರಾವಳಿಯವರಿಗೆ ಮೀನೆಣ್ಣೆಯ ಸುದ್ದಿ: 50 ದಾಟಿದ 18,353 ಮಂದಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಖಿನ್ನತೆ ಬರುವುದನ್ನು ಅದು ತಡೆಯಲಿಲ್ಲ. ಬಂಗಡೆ ಸಾರನ್ನು ರುಚಿಗೇ ಉಣ್ಣುವುದು ಒಳ್ಳೆಯದು.

ಕಾನೂನಿನ ಕಥೆ ಇನ್ನೂ ಗೋಜಲು. ಆಯುರ್ವೇದ ಜಾಹೀರಾತಿಗೆ ಮೊದಲೇ ಅನುಮತಿ ಬೇಕು ಎಂಬ ನಿಯಮ 2018ರಲ್ಲಿ ಬಂತು. 2024ರ ಜುಲೈನಲ್ಲಿ ಕೇಂದ್ರ ಅದನ್ನು ಕೈಬಿಟ್ಟಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಕೈಬಿಡುವುದಕ್ಕೆ ತಡೆ ಕೊಟ್ಟಿತು. ಮರುವರ್ಷ ಆ ತಡೆಯೂ ಹೋಯಿತು.

ಇಷ್ಟೆಲ್ಲ ಇದ್ದರೂ ಜನ ಯಾಕೆ ಕೊಳ್ಳುತ್ತಾರೆ? ಮೋಸ ಹೋಗುತ್ತಾರೆ ಅನ್ನುವುದು ಸುಮ್ನೆ ಮಾತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಎಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ ಹೋಗುವುದು ರೂಢಿ. ಮನೋವೈದ್ಯರ ಬಾಗಿಲಲ್ಲಿ ಪರಿಚಯದವರು ಕಂಡರೆ ಎಂಬ ಅಳುಕು ಬೇರೆ. ಮೆಡಿಕಲ್ ಶಾಪಿನಲ್ಲಿ ಡಬ್ಬಿ ಕೊಂಡರೆ ಯಾರೂ ಏನೂ ಕೇಳುವುದಿಲ್ಲ.

ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕ್ಯಾಪ್ಸೂಲಿನ ಗುಣ ಕಾಣಲಿ ಎಂದು ಕಾಯುವುದು ಬೇಡ.

ಇನ್ನೊಂದು ತೊಡಕು ಉಳಿದಿದೆ. "ಬೇರೆ ಏನಾದರೂ ಔಷಧ ತಗೊಳ್ತಾ ಇದ್ದೀರಾ?" ಎಂದು ಡಾಕ್ಟರು ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಕಷಾಯ, ಲೇಹ್ಯ, ಅಶ್ವಗಂಧ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಹೇಳಿದರೆ ಬೈಯುತ್ತಾರೆ ಎಂಬ ಹೆದರಿಕೆಯೂ ಇರುತ್ತದೆ, ಕೆಲವು ಡಾಕ್ಟರು ಬೈಯುವುದೂ ಹೌದು. ಕೆಲವರು ಬೇರಿನ ಮದ್ದು ಶುರುಮಾಡಿದ ದಿನವೇ ಮಾತ್ರೆ ನಿಲ್ಲಿಸಿ ತಲೆಸುತ್ತು, ನಿದ್ದೆಗೇಡು ತಂದುಕೊಳ್ಳುತ್ತಾರೆ. ಮನೆಯಲ್ಲಿರುವ ಡಬ್ಬಿ, ಬಾಟಲಿ, ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟುಬಿಡುವುದು ಸುಲಭ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟವೂ ಇಲ್ಲ.