ಹಿಮೇಜಿಯ ಕಲ್ಲು, ಮಾವೊರಿಗಳ ಮಣ್ಣು: ಎರಡು ಕೋಟೆಗಳ ಟಿಪ್ಪಣಿ

"ಊಳಿಗಮಾನ್ಯ ಜಪಾನ್ ಮತ್ತು ಪಾಲಿನೇಷ್ಯಾದ ಯುದ್ಧಕಲೆ, ವಾಸ್ತುಶಿಲ್ಪ ಹೋಲಿಸಿ." ಇಂಥ ಪ್ರಶ್ನೆ ಕಂಡ ಕೂಡಲೇ ಪುಟದ ನಡುವೆ ಗೆರೆ ಎಳೆಯೋಣ ಅನ್ನಿಸುತ್ತದೆ. ಎಡಕ್ಕೆ ಸಮುರಾಯ್, ಕತ್ತಿ, ಕೋಟೆ. ಬಲಕ್ಕೆ ದೋಣಿ, ಈಟಿ, ಕಲ್ಲಿನ ವಿಗ್ರಹ. ನಾನೂ ಮೊದಲು ಹಾಗೇ ಬರೆದೆ. ಎಡಗಡೆ ತುಂಬಿತು, ಬಲಗಡೆ ಅರ್ಧ ಖಾಲಿ. ಎತ್ತರ, ಲೋಹ, ಸೈನ್ಯದ ಗಾತ್ರ ಅಂತ ಅಳೆದರೆ ಹಾಗೇ ಆಗುವುದು. ಆಮೇಲೆ ಗೆರೆ ಅಳಿಸಿ ಒಂದೇ ಪ್ರಶ್ನೆ ಇಟ್ಟುಕೊಂಡೆ: ಬಂದೂಕು ಬಂದಾಗ ಇವರು ತಮ್ಮ ಕೋಟೆಗಳನ್ನು ಏನು ಮಾಡಿದರು?

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಪಾಲಿನೇಷ್ಯಾ ಒಂದು ರಾಜ್ಯವಲ್ಲ. ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ ಈ ಮೂರು ಮೂಲೆಗಳ ನಡುವೆ ಚದುರಿರುವ ದ್ವೀಪಗಳು ಅವು. ಒಂದೊಂದು ಕಡೆ ಒಂದೊಂದು ಬಗೆಯ ಕಟ್ಟಡ. ಹವಾಯಿಯಲ್ಲಿ ಕಮೆಹಮೆಹಾ ಎಂಬ ನಾಯಕ 1790-91ರಲ್ಲಿ ಪುಉಕೊಹೊಲಾ ಎಂಬ ಯುದ್ಧದೇವರ ಗುಡಿ ಕಟ್ಟಿಸಿದ. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿದ ದೊಡ್ಡ ಜಗಲಿ ಅದು. ಜನ ಸಾಲಾಗಿ ನಿಂತು ದೂರದ ಕಣಿವೆಯಿಂದ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿದರು ಅಂತ ಅಲ್ಲಿನವರು ಹೇಳುತ್ತಾರೆ. ಟೋಂಗಾದಲ್ಲಿ ಹವಳದ ಸುಣ್ಣಕಲ್ಲಿನ ಎರಡು ಕಂಬ, ಮೇಲೊಂದು ತೊಲೆ ಇಟ್ಟ ಭಾರಿ ಹೆಬ್ಬಾಗಿಲಿದೆ. ನಾನ್ ಮಡೋಲ್ ಎಂಬ ಹಳೆಯ ಕಲ್ಲಿನ ಪಟ್ಟಣವನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದು ಮೈಕ್ರೊನೇಷ್ಯಾದ್ದು.

ಈಗ ಕೋಟೆಗೆ ಬರೋಣ.

ಜಪಾನಿಗೆ ಬಂದೂಕು ಬಂದದ್ದು 1543ರಲ್ಲಿ, ತಾನೆಗಶಿಮಾ ದ್ವೀಪಕ್ಕೆ ತಲುಪಿದ ಪೋರ್ಚುಗೀಸರ ಕೈಯಲ್ಲಿ. ಕಮ್ಮಾರರು ಬೇಗನೇ ನಕಲು ಮಾಡಿದರು. 1575ರ ನಾಗಶಿನೊ ಕಾಳಗದಲ್ಲಿ ಓಡ ನೊಬುನಾಗ ಎಂಬ ದೊರೆ ಮರದ ಬೇಲಿಯ ಹಿಂದೆ ಬಂದೂಕುಗಾರರನ್ನು ನಿಲ್ಲಿಸಿ ಎದುರಾಳಿ ತಕೆದಾ ಮನೆತನದ ಪಡೆಯನ್ನು ಸೋಲಿಸಿದ. 3,000 ಬಂದೂಕು, ಮೂರು ಸಾಲು, ಸರದಿಯಂತೆ ಗುಂಡು ಅನ್ನುವ ಕಥೆಯನ್ನು ಇತಿಹಾಸಕಾರರು ಈಗ ಅಷ್ಟಾಗಿ ಒಪ್ಪುವುದಿಲ್ಲ. ಉತ್ತರದಲ್ಲಿ ಬರೆಯುವುದಾದರೆ "ಎನ್ನಲಾಗಿದೆ" ಸೇರಿಸಿ.

ಬಂದೂಕಿನ ಕಾಲದ ಕೋಟೆ ಹೇಗಿರುತ್ತದೆ ಅಂತ ನೋಡಲು ಹಿಮೇಜಿ ಸಾಕು. ಈಗಿರುವ ಮುಖ್ಯ ಗೋಪುರವನ್ನು ಇಕೆದಾ ತೆರುಮಾಸ 1609ರ ಹೊತ್ತಿಗೆ ಕಟ್ಟಿಸಿದ. ಒಳಗೆಲ್ಲ ಮರ, ಹೊರಗೆ ಬೆಂಕಿ ತಡೆಯುವ ದಪ್ಪ ಬಿಳಿ ಸುಣ್ಣದ ಗಾರೆ. ಗೋಡೆಗಳಲ್ಲಿ ಸುಮಾರು ಸಾವಿರ ಕಿಂಡಿ. ಉದ್ದನೆಯದು ಬಾಣಕ್ಕೆ. ದುಂಡು, ಚೌಕ, ಮುಕ್ಕೋನದ್ದು ಬಂದೂಕಿಗೆ. ಬಾಗಿಲಿಂದ ಗೋಪುರಕ್ಕೆ ನೇರ ದಾರಿಯೇ ಇಲ್ಲ. ಇನ್ನೇನು ಬಂದೇ ಬಿಟ್ಟೆ ಅನ್ನುವಾಗ ದಾರಿ ತಿರುಗಿ ವಾಪಸ್ ಕರೆದುಕೊಂಡು ಹೋಗುತ್ತದೆ. ಅಷ್ಟು ಹೊತ್ತೂ ನೀವು ಮೇಲಿನ ಕಿಂಡಿಗಳಿಗೆ ಗುರಿ.

ಬುಡದ ಕಲ್ಲುಗೋಡೆ ಕೆಳಗೆ ಇಳಿಜಾರಾಗಿ, ಮೇಲೆ ಹೋದಂತೆ ನೆಟ್ಟಗೆ ಆಗುತ್ತದೆ. ಇಲ್ಲೂ ಗಾರೆ ಇಲ್ಲ. ಕಲ್ಲು ಸಾಲದೆ ಶವಪೆಟ್ಟಿಗೆಯ ಕಲ್ಲು, ದೀಪಸ್ತಂಭ ಎಲ್ಲ ತಂದು ತುರುಕಿದ್ದಾರೆ. ಒಂದು ಕಡೆ ತಂತಿಬಲೆಯ ಹಿಂದೆ ಪುಟ್ಟ ಬೀಸುವ ಕಲ್ಲಿದೆ. ತೆರುಮಾಸನಿಗೂ ಮುಂಚೆ ಹಿದೆಯೋಶಿ ಎಂಬ ದೊರೆ ಇಲ್ಲಿ ಕೋಟೆ ಕಟ್ಟಿಸುವಾಗ ಕಲ್ಲು ಸಾಲುತ್ತಿಲ್ಲ ಅಂತ ಕೇಳಿ ಒಬ್ಬ ಬಡ ಮುದುಕಿ ತಾನು ದಿನಾ ಬೀಸುತ್ತಿದ್ದುದನ್ನೇ ಕೊಟ್ಟಳಂತೆ. ದಂತಕಥೆ ಇರಬಹುದು. ಆದರೂ ನನಗೆ ಇಡೀ ಕೋಟೆಯಲ್ಲಿ ಜಾಸ್ತಿ ನೆನಪಿರುವುದು ಅದೇ.

ಇಷ್ಟೆಲ್ಲ ಮಾಡಿದ ಈ ಗೋಪುರ ದೊಡ್ಡ ಮುತ್ತಿಗೆಯನ್ನು ಕಾಣಲೇ ಇಲ್ಲ. 1615ರಲ್ಲಿ ಒಸಾಕ ಕೋಟೆ ಶತ್ರುವಿನ ವಶವಾದ ಮೇಲೆ ಶಾಂತಿಯ ಕಾಲ ಬಂತು. ಕೋಟೆಯ ಕೆಲಸ ಆಮೇಲೆ ಕಾದುವುದಕ್ಕಿಂತ ಯಜಮಾನ ಯಾರು ಅಂತ ತೋರಿಸುವುದೇ ಆಯಿತು.

ನ್ಯೂಜಿಲೆಂಡಿನ ಮಾವೊರಿಗಳ ಕೋಟೆಗೆ "ಪಾ" ಅನ್ನುತ್ತಾರೆ. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ನೆಲ, ಕಂದಕ, ಮರದ ಗೂಟಗಳ ಬೇಲಿ, ಒಳಗೆ ಗೆಣಸು ಕೂಡಿಡುವ ಹಗೇವು. ಇಂಥ ಜಾಗಗಳು 6,000ಕ್ಕೂ ಹೆಚ್ಚು ಸಿಕ್ಕಿವೆ. ಯುರೋಪಿನವರು ಬರುವ ಮುಂಚೆ ಇವರಲ್ಲಿ ಕಬ್ಬಿಣ ಇರಲಿಲ್ಲ. ಅಷ್ಟೂ ಅಗೆತ ಮರದ ಗುದ್ದಲಿಯಲ್ಲಿ, ಅಷ್ಟೂ ಮರಗೆಲಸ ಕಲ್ಲಿನ ಬಾಚಿಯಲ್ಲಿ. ಹಿಮೇಜಿಯ ಎತ್ತರದ ಪಕ್ಕ ಇದನ್ನೂ ಬರೆಯಬೇಕು, ಅಲ್ವಾ?

ಬಂದೂಕು ಬಂದ ಮೇಲೆ ಪಾ ಎತ್ತರಕ್ಕೆ ಏರಲಿಲ್ಲ, ನೆಲದೊಳಗೆ ಇಳಿಯಿತು. ಬೇಲಿಯ ಹೊರಗೆ ನಾರುಗಿಡದ ದಪ್ಪ ಹೊದಿಕೆ ಕಟ್ಟಿದರು. ಅದು ಗುಂಡಿನ ಬಿರುಸು ಕುಗ್ಗಿಸುತ್ತಿತ್ತು, ಒಳಗೆ ಏನಿದೆ ಅನ್ನುವುದನ್ನೂ ಮರೆಮಾಡುತ್ತಿತ್ತು. ಹಿಂದೆ ಅಂಕುಡೊಂಕು ಕಂದಕ, ಮರ ಹಾಸಿ ಮಣ್ಣು ಮುಚ್ಚಿದ ಅಡಗುಗುಂಡಿ.

ಇದಕ್ಕೆ ಒಂದು ದಿನದ ಉದಾಹರಣೆ ಸಾಕು: 1864ರ ಏಪ್ರಿಲ್ 29, ತೌರಂಗಾ ಬಳಿಯ ಗೇಟ್ ಪಾ. ಜನರಲ್ ಡಂಕನ್ ಕ್ಯಾಮರಾನ್ ಜೊತೆ ಸುಮಾರು 1,700 ಬ್ರಿಟಿಷ್ ಸೈನಿಕರು, ಭಾರಿ ಫಿರಂಗಿಗಳು. ಒಳಗೆ ಮಾವೊರಿ ನಾಯಕ ರಾವಿರಿ ಪುಹಿರಾಕೆಯ ಸುಮಾರು 230 ಜನ. ಬೆಳಗಿನಿಂದ ಗುಂಡು ಸುರಿದು ಬೇಲಿ ಹಾರಿತು, ಒಳಗೆ ಯಾರೂ ಉಳಿದಿಲ್ಲ ಅಂದುಕೊಂಡು ಸಂಜೆ ಹೊತ್ತಿಗೆ ಸೈನಿಕರು ನುಗ್ಗಿದರು. ಜನ ಉಳಿದಿದ್ದರು, ಕಾಲಡಿಯಲ್ಲೇ. ಸ್ವಲ್ಪ ಹೊತ್ತಿನಲ್ಲಿ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಸೇರಿ ನೂರರ ಮೇಲಾಯಿತು. ಕತ್ತಲಾದ ಮೇಲೆ ಮಾವೊರಿಗಳು ಸದ್ದಿಲ್ಲದೆ ಕೋಟೆ ಬಿಟ್ಟು ಹೊರಟುಹೋದರು. ಬೆಳಿಗ್ಗೆ ಬ್ರಿಟಿಷರಿಗೆ ಸಿಕ್ಕಿದ್ದು ಖಾಲಿ ಗುಂಡಿಗಳು.

ಉತ್ತರದ ತಿರುಳು ನನಗೆ ಸಿಕ್ಕಿದ್ದು ಇಲ್ಲೇ. ಹಿಮೇಜಿ ಇರುವುದು ಉಳಿಯುವುದಕ್ಕೆ. ಅದನ್ನು ಬಿಟ್ಟು ಹೋದ ದೊರೆಗೆ ಮಾನವೇ ಹೋಯಿತು. ಗೇಟ್ ಪಾ ಕಟ್ಟಿದ್ದೇ ಕೆಲಸ ಮುಗಿದ ಮೇಲೆ ಬಿಟ್ಟು ಹೋಗುವುದಕ್ಕೆ. ಶತ್ರುವಿನ ಗುಂಡು, ಸಮಯ, ಜನ ಎಲ್ಲ ಖರ್ಚಾದರೆ ಅದರ ಲೆಕ್ಕ ಚುಕ್ತಾ. ಇದಕ್ಕೆ ಹೊಂದಿಕೊಂಡೇ ಕಟ್ಟುವ ಸಾಮಾನು: ಅಲ್ಲಿ ಕಲ್ಲು, ಇಲ್ಲಿ ಮಣ್ಣು.

ಹಾಗಂತ ಮಾವೊರಿಗಳು ಯುದ್ಧ ಗೆದ್ದರು ಅಂತ ಬರೆದುಬಿಡಬೇಡಿ. ಅದೇ ವರ್ಷ ಜೂನ್ 21ರಂದು ಹತ್ತಿರದ ತೆ ರಂಗಾದಲ್ಲಿ ಕಂದಕ ಪೂರ್ತಿ ಅಗೆಯುವ ಮುಂಚೆಯೇ ಬ್ರಿಟಿಷರು ಮೇಲೆ ಬಿದ್ದರು. ನೂರಕ್ಕೂ ಹೆಚ್ಚು ಮಾವೊರಿಗಳು ಸತ್ತರು, ಪುಹಿರಾಕೆಯೂ ಸತ್ತ. ಆಮೇಲೆ ಸುತ್ತಲಿನ ಜಮೀನನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಇವತ್ತು ಗೇಟ್ ಪಾ ಇದ್ದ ದಿಬ್ಬದ ಮೇಲೆ ಒಂದು ಚರ್ಚ್ ಇದೆ, ನಡುವೆ ಊರಿನ ದೊಡ್ಡ ರಸ್ತೆ ಹಾದುಹೋಗುತ್ತದೆ. ರಸ್ತೆಯ ಹೆಸರು ಕ್ಯಾಮರಾನ್ ರೋಡ್. ಹೌದು, ಅದೇ ಜನರಲ್‌ದು.